ತೋಟಕ್ಕೆ ಹೊಡೆಯುವ ಔಷಧವೂ ನಮ್ಮ ರಕ್ತದೊತ್ತಡವೂ



ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ತೋಟಕ್ಕೆ ಹೊಡೆದ ಔಷಧ ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಅದನ್ನು ತಿಂದ ಹುಳು ವಾಂತಿ ಮಾಡಿಕೊಂಡು ಒದ್ದಾಡಿ ಸಾಯುತ್ತದೆ. ಅದಕ್ಕೇ ಸೊಪ್ಪಿನ ವಿಚಾರದಲ್ಲಿ ನಾವು ಬಹಳ ಜೋಪಾನ. ಚಿಂತಾಮಣಿಯ ಟೊಮೇಟೊಗೆ, ಚಿಕ್ಕಬಳ್ಳಾಪುರದ ದ್ರಾಕ್ಷಿಗೆ, ಗೌರಿಬಿದನೂರಿನ ಮುಸುಕಿನ ಜೋಳಕ್ಕೆ ಔಷಧ ಹೊಡೆಯುವ ಮನುಷ್ಯನ ವಿಚಾರದಲ್ಲಿ ಮಾತ್ರ ಆ ಜೋಪಾನ ಕಾಣದು. ಮನುಷ್ಯ ಹುಳುವಿನಂತೆ ಅಂದೇ ಬೀಳುವುದಿಲ್ಲವಲ್ಲ!

"ಇಪ್ಪತ್ತು ವರ್ಷದಿಂದ ಹೊಡೀತಾ ಇದೀನಿ ಸ್ವಾಮಿ, ಏನೂ ಆಗಿಲ್ಲ" ಎನ್ನುವವರುಂಟು. ಏನೂ ಆಗಿಲ್ಲವೋ, ಆದದ್ದು ಕಾಣುತ್ತಿಲ್ಲವೋ?

ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಹಾಲಿಗೆ ಹಾಕುವ ಹೆಪ್ಪಿನಲ್ಲಿರುತ್ತವಲ್ಲ, ಆ ಬಳಗದವೂ ಅಲ್ಲುಂಟು. ರಾಗಿಯಲ್ಲಿ, ಅವರೆಕಾಳಿನಲ್ಲಿ ಇರುವ ನಾರನ್ನು ನಾವು ಅರಗಿಸಲಾರೆವು, ಇವು ಅರಗಿಸುತ್ತವೆ. ಆಗ ಹುಟ್ಟುವ ಪದಾರ್ಥಗಳು ರಕ್ತಕ್ಕೆ ಸೇರಿ ರಕ್ತನಾಳಗಳ ಬಿಗಿಯನ್ನೂ ಏರುಪೇರು ಮಾಡಬಲ್ಲವು. 2017ರಲ್ಲಿ ಚೀನಾ ದೇಶದ ವಿಜ್ಞಾನಿಗಳು, ರಕ್ತದೊತ್ತಡ ಹೆಚ್ಚಿದ್ದವರ ಕರುಳಿನ ಜೀವಿಗಳನ್ನು, ಇಂಥ ಯಾವ ಜೀವಿಯೂ ಇಲ್ಲದಂತೆ ಸಾಕಿದ ಇಲಿಗಳಿಗೆ ಸೇರಿಸಿದರು. ಇಲಿಗಳ ಒತ್ತಡವೂ ಏರಿತು.

ಅದೇ ವರ್ಷ ಮಧುರೈ ಕಾಮರಾಜ ವಿಶ್ವವಿದ್ಯಾನಿಲಯದವರು ತಮ್ಮ ಸುತ್ತಲ ಹಳ್ಳಿಗಳ ಸಮಾಚಾರ ಪ್ರಕಟಿಸಿದರು. ಕೀಟನಾಶಕದ ಸಂಪರ್ಕವಿದ್ದವರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಸಕ್ಕರೆ ಕಾಯಿಲೆ. ಇಲ್ಲದವರಲ್ಲಿ ಸುಮಾರು 6 ಮಂದಿಗೆ. ಇಲಿಗಳಿಗೆ ಮಾನೊಕ್ರೋಟೊಫಾಸ್ ಕೊಟ್ಟು ನೋಡಿದಾಗ, ಕರುಳಿನ ಜೀವಿಗಳೇ ಆ ವಿಷವನ್ನು ಒಡೆಯುವುದೂ ಒಡೆದ ಚೂರಿನಿಂದ ದೇಹ ಸಕ್ಕರೆ ತಯಾರಿಸುವುದೂ ಕಂಡಿತು. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ನೆಂಟರು. ಒಂದು ಹೊಕ್ಕ ಮನೆಗೆ ಇನ್ನೊಂದು ಬರುವುದು ಹೆಚ್ಚು. ಔಷಧದಿಂದ ಕರುಳಿಗೆ, ಕರುಳಿನಿಂದ ಒತ್ತಡಕ್ಕೆ ಎಂಬ ಸರಪಳಿಯ ಕೊಂಡಿಗಳೆಲ್ಲ ಮನುಷ್ಯರಲ್ಲಿ ಇನ್ನೂ ರುಜುವಾತಾಗಿಲ್ಲ, ನಿಜ. ರುಜುವಾತಾಗುವ ತನಕ ಬರಿಗೈಯಲ್ಲಿ ಔಷಧ ಕಲಸುತ್ತಿರಬೇಕೆ?

ಬಾಯಿಗೆ ಹೋದರಷ್ಟೇ ವಿಷ ಎಂದುಕೊಳ್ಳಬೇಡಿ, ಚರ್ಮದಿಂದಲೂ ಒಳಗಿಳಿಯುತ್ತದೆ. ಕೈಚೀಲ, ತುಂಬುತೋಳಿನ ಅಂಗಿ, ಮೂಗುಬಾಯಿಗೆ ಮುಸುಕು ಇರಲಿ. ಗಾಳಿಗೆದುರಾಗಿ ಹೊಡೆಯಬೇಡಿ. ಸೋಪು ಹಾಕಿ ಕೈ ತೊಳೆಯದೆ ಬೀಡಿಯಾಗಲಿ ಮುದ್ದೆಯಾಗಲಿ ಮುಟ್ಟಬೇಡಿ. ತಾಯಂದಿರೆ, ಔಷಧ ಹೊಡೆದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ನೆನೆಹಾಕಬೇಡಿ. ಮಾನೊಕ್ರೋಟೊಫಾಸನ್ನು ತರಕಾರಿಗೆ ಬಳಸಬಾರದೆಂದು 2005ರಲ್ಲೇ ನಿಷೇಧವಾಗಿದೆ. ಅಟ್ಟದ ಮೇಲೆ ಹಳೇ ಡಬ್ಬಿ ಉಳಿದಿದ್ದರೆ ಅದರ ಆಸೆ ಬಿಡಿ.

ಒತ್ತಡ ಏರಿದರೆ ನೋವಿಲ್ಲ, ಜ್ವರವಿಲ್ಲ, ಅಳೆದರೇ ಗೊತ್ತು. ಮೂವತ್ತು ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಳೆಸಿಕೊಳ್ಳಿ. 140/90 ಅಥವಾ ಮೇಲಿದ್ದರೆ ಇನ್ನೊಂದು ದಿನ ಮತ್ತೆ ಹೋಗಿ. ಡಾಕ್ಟರನ್ನು ಕಂಡಾಗ, ಔಷಧ ಹೊಡೆಯುವ ಕೆಲಸ ನಿಮ್ಮದೆಂದು ಬಾಯಿಬಿಟ್ಟು ಹೇಳಿ. ಅವರು ಕೇಳದೆ ಹೋಗಬಹುದು.