ಏಳು ಗ್ರಾಂ ಬಿಲ್ಲೆ, ಹತ್ತು ಆನೆ

ಅಗಲ 15 ಮಿಲಿಮೀಟರ್, ಉದ್ದವೂ ಅಷ್ಟೇ. ದಪ್ಪ ಎರಡೂವರೆ ಮಿಲಿಮೀಟರ್, ನಡುವೆ ಒಂದು ತೂತು, ತೂಕ ಸುಮಾರು 7 ಗ್ರಾಂ. ಲೇತಿನಲ್ಲಿ ಮರ ಕಡೆಯುವವರು ಉಳಿಯ ತುದಿಗೆ ಸ್ಕ್ರೂ ಹಾಕಿ ಕೂರಿಸುವ ಕಾರ್ಬೈಡ್ ಇನ್ಸರ್ಟ್ ಎಂದರೆ ಇಷ್ಟೇ. ಮಾವಿನಕಾಯಿ ಹಣ್ಣು ಮಾಡಲು ಕದ್ದುಮುಚ್ಚಿ ಬಳಸುವ ಕಾರ್ಬೈಡ್ ಅಲ್ಲ. ಇದು ಟಂಗ್‌ಸ್ಟನ್ ಕಾರ್ಬೈಡ್. ಅಂಗಿಯ ಜೇಬಿನಲ್ಲಿಟ್ಟರೆ ಇದ್ದದ್ದೇ ಗೊತ್ತಾಗದಷ್ಟು ಪುಟ್ಟದು. ಆದರೆ ಇದರ ಲೆಕ್ಕ ಹಾಕಲು ಕೂತರೆ ಸೊನ್ನೆಗಳಿಗೆ ಕಾಗದ ಸಾಲದು.

ಉಳಿ ಮಾಡಿಕೊಳ್ಳುವುದೇನೂ ಬ್ರಹ್ಮವಿದ್ಯೆಯಲ್ಲ. 12 ಮಿ.ಮೀ. ಚೌಕದ ಉಕ್ಕಿನ ಸರಳು ಒಂದಡಿ ಸಾಕು. ತುದಿಯಲ್ಲಿ ಬಿಲ್ಲೆ ಕೂರುವಷ್ಟು ಜಾಗ ತಗ್ಗಿಸಿ, 3.3 ಮಿ.ಮೀ. ಡ್ರಿಲ್ ಹಾಕಿ, ಎಂ4 ಟ್ಯಾಪ್ ಇಳಿಸಿ, ಸ್ಕ್ರೂ ಬಿಗಿದು, ಹಿಂದೆ ಮರದ ಹಿಡಿ ತೊಡಿಸಿದರೆ ಮುಗಿಯಿತು. ಸರಳಿನ ತೂಕವೇ ಸುಮಾರು 340 ಗ್ರಾಂ, ಅಂದರೆ ಬಿಲ್ಲೆಯ 48 ಪಟ್ಟು. ಮರಕ್ಕೆ ತಾಗುವುದು ಮಾತ್ರ ಬಿಲ್ಲೆ. 48 ಪಟ್ಟು ತೂಗುವ ಉಕ್ಕು ಅದಕ್ಕೆ ಬರೀ ಪರಿವಾರ. ಚೌಕಕ್ಕೆ ನಾಲ್ಕು ಅಂಚು. ಒಂದು ಮೊಂಡಾಯಿತೇ, ಸ್ಕ್ರೂ ಸಡಿಲಿಸಿ ಕಾಲು ಸುತ್ತು ತಿರುಗಿಸಿ, ಹೊಸ ಉಳಿ ಬಂದಂತೆಯೇ. ನಾಲ್ಕೂ ಸೇರಿ 60 ಮಿಲಿಮೀಟರ್ ಅಂಚು, ಅಷ್ಟೇ ಬಂಡವಾಳ.

ಈಗ ಭಾರ ನೋಡಿ. ಮನೆಗೆ ಬರುವ 20 ಲೀಟರ್ ನೀರಿನ ಕ್ಯಾನನ್ನು ಹೆಗಲಿಗೇರಿಸುವುದೇ ಅನೇಕರಿಗೆ ಸಾಹಸ. ಅದೇ ಕ್ಯಾನಿನಷ್ಟು ಗಾತ್ರದ ಕಾರ್ಬೈಡ್ ಗಟ್ಟಿ ಸುಮಾರು 300 ಕಿಲೋ ತೂಗುತ್ತದೆ. ಅಂಥ ಎರಡೂವರೆ ಕ್ಯಾನ್ ಸೇರಿದರೆ 750 ಕಿಲೋ, ಮೈಸೂರು ದಸರೆಯ ಚಿನ್ನದ ಅಂಬಾರಿಯ ತೂಕ!

ಅಂಬಾರಿಯ ಮಾತು ಬಂದಮೇಲೆ ಆನೆ ಬರದಿದ್ದೀತೇ? ಇಂಥ ಕಾರ್ಬೈಡಿನ ಒಂದು ಚದರ ಸೆಂಟಿಮೀಟರ್ ಸುಮಾರು 40 ಟನ್ ಒತ್ತಡ ತಾಳುತ್ತದೆ. ಐದು ಟನ್ನಿನ ಸಲಗ ಎಂದಿಟ್ಟುಕೊಂಡರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಎಂಟು ಸಲಗ. ನಮ್ಮ ಬಿಲ್ಲೆಯ ಕಿರಿದಾದ ತಳಭಾಗವೇ ಸುಮಾರು ಒಂದೂಕಾಲು ಚದರ ಸೆಂಟಿಮೀಟರ್ ಇದೆ. ಆ ಲೆಕ್ಕಕ್ಕೆ 50 ಟನ್, ಹತ್ತು ಸಲಗ. ಒಂದರ ಮೇಲೊಂದು ನಿಲ್ಲಲು ಅವನ್ನು ಒಪ್ಪಿಸುವ ಮಾವುತ ಸಿಗಬೇಕಷ್ಟೇ. ತಮಾಷೆ ಏನೆಂದರೆ, ಹತ್ತು ಆನೆಗೆ ಜಗ್ಗದ ಇದೇ ಬಿಲ್ಲೆ ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಮೂಲೆ ಸಿಡಿದುಹೋಗಬಹುದು. ಹಟಮಾರಿಗಳ ಸ್ವಭಾವವೇ ಹಾಗೆ.

ಟಂಗ್‌ಸ್ಟನ್ ಕರಗಬೇಕಾದರೆ 3,422 ಡಿಗ್ರಿ ಸೆಲ್ಸಿಯಸ್ ಬೇಕು. ಲೋಹಗಳಲ್ಲಿ ಅದಕ್ಕಿಂತ ಮೇಲೆ ಯಾರೂ ಇಲ್ಲ. ಕಬ್ಬಿಣ 1,538ರಲ್ಲೇ ಕೈಚೆಲ್ಲಿ ನೀರಾಗುತ್ತದೆ. ಸೂರ್ಯನ ಮೇಲ್ಮೈಯೇ ಸುಮಾರು 5,500. ಅಂದಮೇಲೆ ಬಿಲ್ಲೆಯನ್ನು ಎರಕ ಹೊಯ್ಯುವ ಮಾತೇ ಇಲ್ಲ. ಕಾರ್ಬೈಡ್ ಪುಡಿಗೆ ಕೋಬಾಲ್ಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು 1,400 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಕುಲುಮೆಗೆ ಹೋಗುವಾಗ 18 ಮಿ.ಮೀ. ಇದ್ದದ್ದು ಹೊರಬರುವಾಗ 15! ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧ ಮಾಯ, ತೂಕ ಮಾತ್ರ ಎಲ್ಲೂ ಹೋಗಿರುವುದಿಲ್ಲ. ಈ ಪಾಕಕ್ಕೆ 1923ರಲ್ಲಿ ಪೇಟೆಂಟ್ ಪಡೆದದ್ದು ಬರ್ಲಿನ್ನಿನ ಓಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್. ಬಲ್ಬಿನೊಳಗಿನ ಎಳೆತಂತಿ ಎಳೆಯುವ ವಜ್ರದ ಅಚ್ಚಿಗೆ ಅಗ್ಗದ ಬದಲಿ ಹುಡುಕಲು ಹೊರಟದ್ದು ಅದು. ಮೂರೇ ವರ್ಷದಲ್ಲಿ ಕ್ರುಪ್ ಕಂಪನಿ ವಿಡಿಯಾ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. 1964ರಲ್ಲಿ ವಿಡಿಯಾ ಬೆಂಗಳೂರಿಗೇ ಬಂದು ತುಮಕೂರು ರಸ್ತೆಯಲ್ಲಿ ನೆಲೆಯೂರಿತು. ಇಂದಿಗೂ ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆ ಕೊರೆಯಲು ‘ವಿಡಿಯಾ ಬಿಟ್ ಕೊಡಿ’ ಎಂದೇ ಕೇಳುವವರಿದ್ದಾರೆ.

ಕಡೆತದ ಆಸೆ ಮಾತ್ರ ಕಾರ್ಬೈಡಿಗೆ ಕಾದು ಕೂತಿರಲಿಲ್ಲ ಅನ್ನಿ. ಮರ ಬಿಡಿ, ಕಲ್ಲಿನಲ್ಲೇ ತಿರುಗಣೆ ಕಂಬಗಳನ್ನು ನಿಲ್ಲಿಸಿದ ನಾಡಿದು. ಬೇಲೂರಿನ ದೇವಾಲಯದ ಪ್ರತಿಷ್ಠೆ 1117ರಲ್ಲಿ. ಶ್ರೋಟರನ ಪೇಟೆಂಟಿಗಿಂತ 806 ವರ್ಷ ಮೊದಲು!

ಅಗ್ಗದ ಬದಲಿ ಎಂದೆನಲ್ಲ, ಅದರ ಕಥೆ ಕೇಳಿ. 1920ರ ದಶಕದ ಕೊನೆಗೆ ಅಮೆರಿಕದಲ್ಲಿ ಕಾರ್ಬೈಡಿನ ಬೆಲೆ ಪೌಂಡಿಗೆ 453 ಡಾಲರ್ ತನಕ ಏರಿತು. ಒಂದು ಪೌಂಡ್ ಎಂದರೆ 453 ಗ್ರಾಂ ಚಿಲ್ಲರೆ. ಹೆಚ್ಚುಕಡಿಮೆ ಗ್ರಾಮಿಗೆ ಒಂದು ಡಾಲರ್! ಆಗ ಅಲ್ಲಿ ಚಿನ್ನದ ಬೆಲೆ ಗ್ರಾಮಿಗೆ 66 ಸೆಂಟ್. ನಮ್ಮ ಬಿಲ್ಲೆಗೆ ಏಳು ಡಾಲರ್, ಅದೇ ತೂಕದ ಬಂಗಾರಕ್ಕೆ ಐದೂ ತುಂಬುವುದಿಲ್ಲ. ಇಂದು ಚಿನ್ನದ ಬೆಲೆಯ ಮುಂದೆ ಕಾರ್ಬೈಡ್ ಯಾವ ಲೆಕ್ಕಕ್ಕೂ ಇಲ್ಲ.

ಹಾಗೆಂದು ಟಂಗ್‌ಸ್ಟನ್ ದಾರಿಯಲ್ಲಿ ಬಿದ್ದಿರುವ ಸರಕೂ ಅಲ್ಲ. ಭೂಮಿಯ ಹೊರಪದರದಲ್ಲಿ ಅದರ ಪ್ರಮಾಣ ಟನ್ನಿಗೆ ಒಂದೂಕಾಲು ಗ್ರಾಮಿನ ಆಸುಪಾಸು. ಬಿಲ್ಲೆಯಲ್ಲಿರುವ ಟಂಗ್‌ಸ್ಟನ್ ಸುಮಾರು 6 ಗ್ರಾಂ. ಗಣಿಯ ಅದಿರು ಸಿಗದೆ ಎಲ್ಲಿಂದಲೋ ತಂದ ಮಾಮೂಲಿ ಬಂಡೆಯಿಂದಲೇ ಅದನ್ನು ಹೆಕ್ಕಬೇಕಾಗಿದ್ದರೆ ಐದು ಟನ್ನಿನಷ್ಟು ಕಲ್ಲು ಅರೆಯಬೇಕಿತ್ತು. ಅಲ್ಲಿಗೆ ಹನ್ನೊಂದನೆಯ ಆನೆಯೂ ಬಂದಂತಾಯಿತು.

ಇನ್ನು ಲೇತ್ ಚಾಲೂ ಮಾಡೋಣ. 25 ಸೆಂಟಿಮೀಟರ್ ಅಗಲದ ಬಟ್ಟಲು, ನಿಮಿಷಕ್ಕೆ 1,000 ಸುತ್ತು. ಬಟ್ಟಲಿನ ಅಂಚು ಬಿಲ್ಲೆಯ ಮುಂದೆ ಗಂಟೆಗೆ 47 ಕಿಲೋಮೀಟರ್ ವೇಗದಲ್ಲಿ ಹಾದುಹೋಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆ ವೇಗ ಕಂಡವರು ಪುಣ್ಯವಂತರು. ಮರದ ತುಂಡನ್ನು ನಾರು ಅಡ್ಡಲಾಗಿರುವಂತೆ ಕಟ್ಟಿದ್ದರೆ ಪ್ರತಿ ಸುತ್ತಿಗೂ ನಾರಿನ ತುದಿ ಎರಡು ಸಲ ಎದುರಾಗುತ್ತದೆ. ನಿಮಿಷಕ್ಕೆ 2,000, ಗಂಟೆಗೆ 1,20,000. ನಿಮಿಷಕ್ಕೆ 72 ಸಲ ಬಡಿಯುವ ಹೃದಯ ದಿನವಿಡೀ ದುಡಿದರೂ 1,03,680ಕ್ಕೆ ನಿಲ್ಲುತ್ತದೆ. ಹೃದಯದ ಒಂದು ದಿನದ ದುಡಿಮೆ ಬಿಲ್ಲೆಗೆ ಒಂದು ಗಂಟೆಗೂ ಕಮ್ಮಿ.

ಹೊಟ್ಟು ಎಷ್ಟು ಬೀಳುತ್ತದೆ? ಆ ಬಟ್ಟಲಿಗೆ ಏಳೂವರೆ ಸೆಂಟಿಮೀಟರ್ ದಪ್ಪದ ತುಂಡು ಹಿಡಿದರೆ ಮರ ಸುಮಾರು 3,700 ಘನ ಸೆಂಟಿಮೀಟರ್. ಅದರಲ್ಲಿ ಬಟ್ಟಲಾಗಿ ಉಳಿಯುವುದು 700ರಷ್ಟು. ಬಾಕಿ 3,000 ನೆಲದ ಪಾಲು. ಅಷ್ಟನ್ನೂ 5 ಮಿ.ಮೀ. ಅಗಲ, ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪದ ಒಂದೇ ಪಟ್ಟಿಯಾಗಿ ಸುಲಿದರೆ ಉದ್ದ 6 ಕಿಲೋಮೀಟರ್! ಒಂದು ಬಟ್ಟಲಿನ ಹೊಟ್ಟು ಮುಳ್ಳಯ್ಯನಗಿರಿಯ ಮೂರು ಪಟ್ಟು ಎತ್ತರ. ನಿಜದಲ್ಲಿ ಪಟ್ಟಿ ತುಂಡುತುಂಡಾಗಿಯೇ ಬೀಳುತ್ತದೆ, ಪೊರಕೆ ಹಿಡಿಯುವವರಿಗೆ ಅಷ್ಟೇ ಸಮಾಧಾನ. ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು: ಆಗಷ್ಟೇ ಸಾಣೆ ಹಿಡಿದ ಉಕ್ಕಿನ ಉಳಿ ಪಳಗಿದ ಕೈಯಲ್ಲಿ ಬಿಡುವ ನುಣುಪು ಈ ಬಿಲ್ಲೆಗೆ ಬರುವುದಿಲ್ಲ. ಮೆದು ಮರದಲ್ಲಂತೂ ನಾರು ಕಿತ್ತು ಬರುತ್ತದೆ, ಆಮೇಲೆ ಉಪ್ಪುಕಾಗದ ಉಜ್ಜುವ ಕೆಲಸ ಜಾಸ್ತಿ. ಅದರ ಹೆಚ್ಚುಗಾರಿಕೆ ತಾಳಿಕೆಯಲ್ಲಿ.

ತಾಳಿಕೆಯೆಂದರೆ ದೂರ. ಗಂಟೆಗೆ 47 ಕಿಲೋಮೀಟರಿನಂತೆ, ಬೆಂಗಳೂರಿನಿಂದ ಬೊಂಬೆಯೂರು ಚನ್ನಪಟ್ಟಣಕ್ಕೆ ಇರುವ 60 ಕಿಲೋಮೀಟರಿನಷ್ಟು ಮರ ಬಿಲ್ಲೆಯ ಮುಂದೆ ಹಾಯಲು ಒಂದೂಕಾಲು ಗಂಟೆ ಸಾಕು. ಭೂಮಿಗೆ ಒಂದು ಸುತ್ತು 40,075 ಕಿಲೋಮೀಟರ್. ಅದಕ್ಕೆ 850 ಗಂಟೆ, ದಿನಕ್ಕೆ ನಾಲ್ಕು ಗಂಟೆಯಂತೆ 213 ದಿನ. ಒಂದೇ ಅಂಚು ಅಷ್ಟು ದೂರ ಬಾರದು, ನಿಜ. ಆದರೆ ಬಿಲ್ಲೆಯ ಮೇಲೆ ಬಿಲ್ಲೆ ಬದಲಿಸುತ್ತ, ಉಳಿ ಹಿಡಿದ ಮನುಷ್ಯ ಒಂದು ಹೆಜ್ಜೆಯನ್ನೂ ಕೀಳದೆ, ಏಳೆಂಟು ತಿಂಗಳಲ್ಲಿ ಭೂಪ್ರದಕ್ಷಿಣೆಯ ಉದ್ದವನ್ನು ಕಡೆದು ಮುಗಿಸಿರುತ್ತಾನೆ.

ಭೂಮಿ ಸಾಕಾಯಿತೇ? ಬಿಲ್ಲೆಯ ಒಳಗೆ ಬನ್ನಿ. ಕಾರ್ಬೈಡಿನ ಒಂದು ಕಣ ಸುಮಾರು ಒಂದು ಮೈಕ್ರಾನ್. ತಲೆಗೂದಲಿನ ಅಡ್ಡಗಲಕ್ಕೆ ಎಪ್ಪತ್ತು ಕಣ ಸಾಲಾಗಿ ನಿಲ್ಲಬಹುದು. ಆ ಲೆಕ್ಕದಲ್ಲಿ ಬಿಲ್ಲೆಯೊಳಗೆ ಹತ್ತಿರಹತ್ತಿರ 40,000 ಕೋಟಿ ಕಣ. ಜಗತ್ತಿನ 800 ಕೋಟಿ ಜನರಿಗೆ ಹಂಚಿದರೆ ತಲೆಗೆ ಐವತ್ತು! ಸೆಕೆಂಡಿಗೊಂದರಂತೆ ಹಗಲೂ ರಾತ್ರಿ ಎಣಿಸುತ್ತ ಕೂತರೆ 12,700 ವರ್ಷ. ನಮ್ಮ ಆಕಾಶಗಂಗೆಯಲ್ಲಿ ನಕ್ಷತ್ರಗಳೆಷ್ಟು? ಹತ್ತು ಸಾವಿರ ಕೋಟಿಯಿಂದ ಹಿಡಿದು ಧಾರಾಳವಾಗಿ ಎಣಿಸುವವರು 40,000 ಕೋಟಿಯ ತನಕ ಹೇಳುತ್ತಾರೆ. ಅಷ್ಟೂ ನಕ್ಷತ್ರಗಳಿಗೆ ಒಂದೊಂದು ಕಣ ಕೊಡುವಷ್ಟು ದಾಸ್ತಾನು ಏಳು ಗ್ರಾಮಿನಲ್ಲಿದೆ.

ಕಣವನ್ನೂ ಒಡೆದು ಪರಮಾಣುವಿಗೆ ಇಳಿದರೆ ಟಂಗ್‌ಸ್ಟನ್ ಒಂದರದ್ದೇ ಇಪ್ಪತ್ತು ಕೋಟಿ ಕೋಟಿ ಕೋಟಿ. ಹೌದು, ಮೂರು ಸಲ ಕೋಟಿ. ಅವುಗಳಲ್ಲಿ ಸಾವಿರಕ್ಕೆ ಒಂದು ಚಿಲ್ಲರೆ ಟಂಗ್‌ಸ್ಟನ್-180 ಎಂಬ ಜಾತಿಯವು, ತಾವಾಗಿಯೇ ಕ್ಷಯಿಸುವಂಥವು. ಅವುಗಳ ಅರ್ಧಾಯುಷ್ಯ 18 ಬರೆದು ಮುಂದೆ 17 ಸೊನ್ನೆ ಇಟ್ಟಷ್ಟು ವರ್ಷ. ವಿಶ್ವದ ಇಡೀ ವಯಸ್ಸು 1,380 ಕೋಟಿ ವರ್ಷ; ಅಂಥ ವಯಸ್ಸುಗಳನ್ನು ಹದಿಮೂರು ಕೋಟಿ ಸಲ ಜೋಡಿಸಿದರೆ ಆಗ ಅರ್ಧ ಖಾಲಿ! ಹೀಗಾಗಿ ಮರಕ್ಕೆ ತಾಗಿಸದೆ ಸುಮ್ಮನೆ ಪೆಟ್ಟಿಗೆಯಲ್ಲಿಟ್ಟರೂ ಬಿಲ್ಲೆ ಸವೆಯುತ್ತಲೇ ಇರುತ್ತದೆ, ವರ್ಷಕ್ಕೆ ಸುಮಾರು ಒಂಬತ್ತು ಪರಮಾಣುವಿನಂತೆ.