ನಿಮಗಿದು ಗೊತ್ತೆ? ಸೂರ್ಯನ ಸುತ್ತ ಫಲಕಗಳ ಹಿಂಡು!

ಬೇಸಿಗೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಷ್ಟು ಸುಡುವ ಸೂರ್ಯನ ಒಟ್ಟು ಶಕ್ತಿಯಲ್ಲಿ ಇಡೀ ಭೂಮಿಗೆ ಸಿಗುವುದು ಸುಮಾರು 220 ಕೋಟಿಯಲ್ಲಿ ಒಂದೇ ಪಾಲು! ಉಳಿದದ್ದೆಲ್ಲ ಬಾಹ್ಯಾಕಾಶಕ್ಕೆ ಚೆಲ್ಲಿಹೋಗುತ್ತದೆ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹಾಸಿದ ಸೌರಫಲಕಗಳ ಸಾಮರ್ಥ್ಯ 2,050 ಮೆಗಾವಾಟ್. ಇಂಥ ಫಲಕಗಳು ನೆಲ ಬಿಟ್ಟು ಸೂರ್ಯನನ್ನೇ ಎಲ್ಲ ಕಡೆಯಿಂದ ಸುತ್ತುವರಿದರೆ? ಮುಂದುವರಿದ ನಾಗರಿಕತೆಗಳು ತಮ್ಮ ನಕ್ಷತ್ರದ ಸುತ್ತ ಹೀಗೆ ಮಾಡಿರಬಹುದೆಂದು 1960ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದವರು ಭೌತವಿಜ್ಞಾನಿ ಫ್ರೀಮನ್ ಡೈಸನ್. ಅದಕ್ಕೇ ‘ಡೈಸನ್ ಗೋಳ’ ಎಂಬ ಹೆಸರು. ಆದರೆ ಅದು ಗಟ್ಟಿ ಚಿಪ್ಪಲ್ಲ. ಅಂಥ ಚಿಪ್ಪು ಸ್ಥಿರವಾಗಿ ನಿಲ್ಲಲಾರದು. ತಮ್ಮ ತಮ್ಮ ಕಕ್ಷೆಯಲ್ಲಿ ಸುತ್ತುವ ಅಸಂಖ್ಯ ರಚನೆಗಳ ಹಿಂಡು ಎಂದುಕೊಳ್ಳಿ.

ಇದರ ಸೊಗಸಾದ ಭಾಗವೆಂದರೆ ಇಂಥ ಗೋಳಗಳನ್ನು ಹುಡುಕುವ ಬಗೆ. ಬೆಳಕು ಮುಚ್ಚಿದರೂ ಶಾಖವನ್ನು ಬಚ್ಚಿಡಲಾಗದು. ಬಳಸಿದ ಶಕ್ತಿ ಕೊನೆಗೆ ಅವಕೆಂಪು ಕಿರಣವಾಗಿ ಹೊರಬರಲೇಬೇಕು. ಈ ಜಾಡು ಹಿಡಿದ ಖಗೋಳ ವಿಜ್ಞಾನಿಗಳು ಸುಮಾರು 50 ಲಕ್ಷ ನಕ್ಷತ್ರಗಳನ್ನು ಜಾಲಾಡಿ, 2024ರಲ್ಲಿ 7 ಅನುಮಾನಾಸ್ಪದ ನಕ್ಷತ್ರಗಳನ್ನು ಗುರುತಿಸಿದರು. ಅವುಗಳಲ್ಲಿ 3ರ ಶಾಖ ಹಿಂದೆ ಅಡಗಿದ ದೂರದ ಗ್ಯಾಲಕ್ಸಿಗಳದ್ದಿರಬಹುದು ಎಂದು ಬೇರೊಂದು ತಂಡ ಆಗಲೇ ತೋರಿಸಿದೆ.