ತಣಿದ ಅನ್ನವೇ ಏಕೆ?

ತರಕಾರಿ ಫ್ರೈಡ್ ರೈಸ್ ಹತ್ತು ನಿಮಿಷದ ಅಡುಗೆ. ತರಗತಿಯ ಪ್ರಾತ್ಯಕ್ಷಿಕೆಗೆ ಹೇಳಿ ಮಾಡಿಸಿದಂತಿದೆ. ಆದರೆ ಪಾಠಯೋಜನೆಯಲ್ಲಿ ಸಾಮಗ್ರಿಗಳ ಪಟ್ಟಿಯಷ್ಟೇ ಇದ್ದು 'ಏಕೆ' ಇಲ್ಲದಿದ್ದರೆ ಅದು ವಿಜ್ಞಾನದ ಪಾಠವಾಗದು.

ಬಿಸಿ ಅನ್ನ ಬಾಣಲೆಯಲ್ಲಿ ಮುದ್ದೆಯಾಗುತ್ತದೆ. ತಣಿದಾಗ ಅದರ ಪಿಷ್ಟ ಗಟ್ಟಿಯಾಗಿ, ಮೇಲಿನ ತೇವ ಆರಿ, ಅಗುಳು ಬಿಡಿಬಿಡಿಯಾಗುತ್ತದೆ. ಸಣ್ಣಗೆ ಹೆಚ್ಚಿದ ಕ್ಯಾರೆಟ್, ಬೀನ್ಸ್ ಮೊದಲು, ಕೋಸು ಆಮೇಲೆ, ಎಲ್ಲವೂ ದೊಡ್ಡ ಉರಿಯಲ್ಲಿ. ಬಾಣಲೆ ತುಂಬಿಸಿದರೆ ತರಕಾರಿ ಬಿಟ್ಟ ನೀರು ಬೇಗ ಆವಿಯಾಗದು. ಹುರಿಯುವ ಬದಲು ಬೇಯುತ್ತದೆ. ನಂತರ ಅನ್ನ, ಕಾಳುಮೆಣಸಿನ ಪುಡಿ, ಒಂದು ಚಮಚ ಸೋಯಾ ಸಾಸ್. ಸಾಸಿನಲ್ಲೇ ಉಪ್ಪಿದೆ, ರುಚಿ ನೋಡಿ ಹಾಕಿ.

'ನಿನ್ನೆಯ ಅನ್ನ' ಎಂದರೆ ರಾತ್ರಿಯಿಡೀ ಹೊರಗಿಟ್ಟ ಅನ್ನವಲ್ಲ. ಇದನ್ನು ಪಾಠದಲ್ಲಿ ಬಿಡುವಂತಿಲ್ಲ. ಬೆಳಗಿನ ಚಿತ್ರಾನ್ನಕ್ಕೂ ಇದೇ ಮಾತು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಕುದಿದರೂ ಸಾಯುವುದಿಲ್ಲ. ಅನ್ನ ಹೊರಗೇ ಉಳಿದರೆ ಅವು ಮೊಳೆತು, ಬ್ಯಾಕ್ಟೀರಿಯಾ ಹೆಚ್ಚಿ ವಿಷ ಬಿಡಬಹುದು. ವಾಂತಿ ತರಿಸುವ ಆ ವಿಷ ಮತ್ತೆ ಹುರಿದರೂ ಹೋಗದು. ಆದ್ದರಿಂದ ಅನ್ನವನ್ನು ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಬೇಕು. ಫ್ರಿಜ್ ಇಲ್ಲದ ಮನೆಯ ಮಕ್ಕಳೂ ತರಗತಿಯಲ್ಲಿರುತ್ತಾರೆ. ಅವರಿಗೆ ಹೇಳಬೇಕಾದ ವಿಧಾನ ಬೇರೆ: ಅನ್ನವನ್ನು ಅಂದೇ ಉದುರಾಗಿ ಮಾಡಿ, ಹರಡಿ ಆರಿಸಿ, ಆರಿದ ಕೂಡಲೇ ಹುರಿಯುವುದು.